ಹುಟ್ಟಿದ ವಾರದ ಸಂತೆ

ನನ್ನ ದಿನಚರಿಯ ಮೂರನೆಯ ವಹಿಯಲ್ಲಿ ಒಂದು ಪುಟದ ಮೇಲೆ ಹೆಬ್ಬೆರಳಿನ ಕಲೆಯಿದೆ. ಸಾಲಾಗಿ ಹಾಕಿದ ಆರು ಗೆರೆಗಳಲ್ಲಿ ಮೊದಲನೆಯದನ್ನು ಉಗುಳು ಹಚ್ಚಿ ತಿಕ್ಕಿದ ಕಲೆ. ಮಸಿ ಹರಡಿ ಹುಣಸೆಬೀಜದಷ್ಟು ಅಗಲವಾಗಿದೆ. ವಹಿಯನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದು ನನ್ನ ರೂಢಿ. ತಪ್ಪಾದರೆ ಆ ಹಾಳೆಯನ್ನೇ ಹೊಸದಾಗಿ ಬರೆಯುತ್ತೇನೆ. ಈ ಒಂದು ಹಾಳೆಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಆ ಬೆರಳು ನಮ್ಮೂರ ಪಿಂಜಾರ ಮುತ್ಯಾನದು. ಮುತ್ಯಾ ತೀರಿಕೊಂಡ ಸುದ್ದಿ ಹೋದ ವಾರ ಯರಗಟ್ಟಿಯ ಸಂತೆಯಲ್ಲಿ ನನಗೆ ಸಿಕ್ಕಿತು.

ಅವನಿಗೊಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ, ನಾನೂ ಇಲ್ಲಿ ಬಳಸುವುದಿಲ್ಲ. ಹರೆಯದಲ್ಲಿ ಹೆಗಲ ಮೇಲೆ ಬಿಲ್ಲು ಹೊತ್ತು ಕಿತ್ತೂರಿನಿಂದ ರಾಮದುರ್ಗದವರೆಗೆ ಊರೂರು ತಿರುಗಿ, ಜನರ ಗಾದಿ ದಿಂಬುಗಳ ಹತ್ತಿ ಹಿಂಜಿಕೊಟ್ಟವನು. ಬಿಲ್ಲು ಆಳೆತ್ತರದ್ದು. ಅದರ ನರದ ಹುರಿಯನ್ನು ಮರದ ಕೊಡತಿಯಿಂದ ಮೀಟಿದರೆ ಗಟ್ಟಿಯಾಗಿ ಕೂತಿದ್ದ ಹಳೆಯ ಹತ್ತಿ ಬಿಡಿಬಿಡಿಯಾಗಿ, ಮೋಡದ ಹಾಗೆ ಮೇಲೇಳುತ್ತಿತ್ತು. ಆ ಮೋಡವೇ ವರ್ಷಗಟ್ಟಲೆ ಎದೆಯೊಳಗೆ ಇಳಿದು ಕೊನೆಗೆ ಮುತ್ಯಾನ ಉಸಿರು ಕಟ್ಟತೊಡಗಿತು. ಬಿಲ್ಲು ಗೋಡೆಯ ಗೂಟಕ್ಕೆ ಏರಿತು, ಅಂಗಳಕ್ಕೆ ಕೋಳಿಗಳು ಬಂದವು. ನಾನು ಕಂಡಾಗ ಅವನು ನಾಲ್ಕು ಮಾತಾಡಿ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಮುದುಕ. ಕೂಗುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಮೊಮ್ಮಗಳು ಕಾಶಿಂಬಿಯನ್ನು ಕರೆಯಬೇಕಾದರೂ ಕೋಲಿನಿಂದ ತಂಬಿಗೆ ಬಡಿಯುತ್ತಿದ್ದ.

ಅವನು ನನಗೆ ಹತ್ತಿರವಾದದ್ದು ನಾವೆಲ್ಲ ಊರು ಬಿಟ್ಟ ವರ್ಷ. ಪ್ಲೇಗು ಬಂದಿತ್ತು. ಇಲಿ ಸತ್ತು ಬಿದ್ದ ಮನೆಗಳನ್ನು ನಾನು ವಹಿಯಲ್ಲಿ ಎಣಿಸುತ್ತ ಬಂದಿದ್ದೆ. ಲೆಕ್ಕ ಹನ್ನೆರಡಕ್ಕೆ ಮುಟ್ಟಿದ ಶುಕ್ರವಾರ, ಭಾದ್ರಪದದ ಕಡೆಯ ಭಾಗದಲ್ಲಿ, ಊರಿಗೆ ಊರೇ ಬಂಡಿ ಹೂಡಿ ಪಶ್ಚಿಮದ ಹೊಲಗಳಿಗೆ ಹೋಗಿ ಗುಡಿಸಲು ಹಾಕಿತು. ಅಲ್ಲಿಂದ ನೋಡಿದರೆ ಒಂದು ಬದಿಗೆ ನವಿಲುತೀರ್ಥದ ಕಣಿವೆ, ಗುಡ್ಡ ಸೀಳಿ ಮಲಪ್ರಭೆ ಹೊರಬರುವ ಜಾಗ. ಇನ್ನೊಂದು ಬದಿಗೆ ಅರ್ಧ ಮೈಲಿ ದೂರದಲ್ಲಿ ನಮ್ಮದೇ ಊರು. ಒಲೆಯ ಹೊಗೆಯಿಲ್ಲದ, ದೀಪವಿಲ್ಲದ ಊರು. ದಿನಾ ನೋಡುತ್ತಿದ್ದರೆ ಅದು ಯಾರೋ ಹೇಳಿದ ಕಥೆಯಲ್ಲಿನ ಊರಿನಂತೆ ಕಾಣತೊಡಗಿತು. ಸಾಲೆ ಮುಚ್ಚಿತ್ತು. ಹೊಸದಾಗಿ ಮಾಸ್ತರಿಕೆಗೆ ಸೇರಿದ್ದ ನನಗೆ ಬರೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಊರಲ್ಲಿ ನಮ್ಮ ಓಣಿಗೂ ಪಿಂಜಾರ ಓಣಿಗೂ ನಡುವೆ ಮೂರು ತಿರುವುಗಳಿದ್ದವು. ಹೊಲದಲ್ಲಿ ನಮ್ಮ ಗುಡಿಸಲಿಗೂ ಮುತ್ಯಾನ ಗುಡಿಸಲಿಗೂ ಹದಿನಾಲ್ಕು ಹೆಜ್ಜೆ. ನಾನೇ ಅಳೆದಿದ್ದೆ. ಆ ಗುಡಿಸಲಿನಲ್ಲಿ ಇದ್ದವರು ಇಬ್ಬರು, ಮುತ್ಯಾ ಮತ್ತು ಹದಿನಾಲ್ಕು ಹದಿನೈದರ ಕಾಶಿಂಬಿ. ಅವಳ ತಾಯಿ ಹೆರಿಗೆಯಲ್ಲಿ ಹೋಗಿದ್ದಳು, ತಂದೆ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದ. ಬಂಡಿಯಿಂದ ಮುತ್ಯಾ ಇಳಿಸಿದ ಸಾಮಾನಿನ ಪಟ್ಟಿ ವಹಿಯಲ್ಲಿದೆ: ಒಂದು ಕೌದಿ, ಎರಡು ಗಡಿಗೆ, ಬಿಲ್ಲು, ಮತ್ತು ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹದಿಮೂರು ತತ್ತಿಗಳ ಮೇಲೆ ಕಾವಿಗೆ ಕೂತ ಒಂದು ಕೆಂದು ಕೋಳಿ. ಉಳಿದ ಕೋಳಿಗಳನ್ನು ಬರುವ ಮೊದಲೇ ಬೇರೆ ಊರಿನವರಿಗೆ ಕೊಟ್ಟುಬಿಟ್ಟಿದ್ದ.

"ಮುತ್ಯಾ, ಮನುಷ್ಯಾರು ತಲಿ ಮ್ಯಾಲೆ ಸೂರಿಲ್ಲದ ಕುಂತೇವಿ, ನೀ ಕೋಳಿ ಬಾಣಂತನಕ್ಕ ಬಂದೀ ಏನ?" ಎಂದು ಬಂಡಿಯವನು ಕೇಳಿದ.

"ಅದು ನಡುವ ಎದ್ದು ಬರಾಕ ಒಪ್ಪಲಿಲ್ಲೋ ತಮ್ಮಾ," ಎಂದ ಮುತ್ಯಾ. ಉಸಿರು ತೆಗೆದುಕೊಂಡು, "ನಾವ ಎದ್ದು ಬಂದ್ವಿ," ಎಂದ.

ಹತ್ತನೆಯ ದಿನ, ಭಾನುವಾರ, ಹನ್ನೊಂದು ಮರಿಗಳು ಒಡೆದು ಬಂದವು. ಮೊದಲ ಹತ್ತು ದಿನ ಅವು ತಾಯಿಯ ಜೊತೆ ಬೋರಲು ಹಾಕಿದ ದೊಡ್ಡ ಹೆಡಗೆಯ ಕೆಳಗೆ ಇದ್ದವು. ನೀರಿನ ಬಟ್ಟಲಿಗೆ ಬಿದ್ದು ಒಂದು ಸತ್ತಿತು. ಅಂದಿನಿಂದ ಮುತ್ಯಾ ಬಟ್ಟಲಿನ ನಡುವೆ ಒಂದು ದುಂಡು ಕಲ್ಲು ಇಟ್ಟ, ಅಂಚಿನಲ್ಲಿ ಕೊಕ್ಕು ಅದ್ದುವಷ್ಟೇ ನೀರು ಉಳಿಯುವಂತೆ. ಆಮೇಲೆ ಹತ್ತಿಕಟ್ಟಿಗೆ ನೆಟ್ಟು ಎರಡು ಮಂಚದಷ್ಟು ಅಗಲದ ಒಂದು ಬೇಲಿ ಕಟ್ಟಿ, ಮೇಲೆ ಹಳೆಯ ಮೀನುಬಲೆ ಹೊದಿಸಿದ. ಅಲ್ಲಿಗೇ ನಿಲ್ಲಿಸಿದ. ಬೇರೆಯವರಾದರೆ ಅಷ್ಟು ಹೊತ್ತಿಗೆ ತಾಯಿಯನ್ನೂ ಮರಿಗಳನ್ನೂ ಬಯಲಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮುತ್ಯಾ ಬಿಡಲಿಲ್ಲ.

"ಯಾವಾಗ ಬಿಡತಿ ಮುತ್ಯಾ?" ಎಂದು ನಾನು ಕೇಳಿದೆ.

"ಆರು ಸಂತಿ ಆಗಲಿ."

ಅವನ ಪಂಚಾಂಗವೆಲ್ಲ ಸಂತೆಗಳದ್ದು. ಎಷ್ಟು ದಿನ, ಎಷ್ಟು ತಿಂಗಳು ಎಂದು ಅವನು ಹೇಳಿದ್ದು ನಾನು ಕೇಳಿಲ್ಲ. ಜ್ವರ ಬಂದು ಒಂದು ಸಂತೆ ಆಯಿತು, ಮಳೆ ಹೋಗಿ ಮೂರು ಸಂತೆ ಆಯಿತು, ಹೀಗೆ. ನಮ್ಮೂರ ಸಂತೆ ಸೋಮವಾರ. ಆದರೆ ಪ್ಲೇಗು ಬಂದಾಗಿನಿಂದ ಸಂತೆಯೇ ನಿಂತಿತ್ತು. ಸಂತೆಯಿಲ್ಲದೆ ಮುತ್ಯಾನ ದಿನಗಳು ಒಂದರೊಳಗೊಂದು ಕಲೆತುಹೋದವು. ಒಂದು ಮುಂಜಾನೆ ಅವನು ನಮ್ಮ ಗುಡಿಸಲಿನ ಮುಂದೆ ಬಂದು ನಿಂತ. ನಾನು ಮಾಸ್ತರನಾದ ಮೇಲೆ ಅವನು 'ಲೇ ತಮ್ಮಾ' ಎನ್ನುವುದನ್ನು ಬಿಟ್ಟು ನನ್ನನ್ನು ಬಹುವಚನಕ್ಕೆ ಏರಿಸಿದ್ದ.

"ಮಾಸ್ತರ್ರ, ನಿಮ್ಮ ವಹಿದಾಗ ಸೋಮವಾರ ಇನ್ನೂ ಬರತಾವಲ್ರಿ?"

"ಬರತಾವ ಮುತ್ಯಾ."

"ಹಂಗಾರ ನನ್ನ ಸಂತಿ ನೀವ ಹಿಡೀರಿ. ಮರಿ ಒಡದ ಮ್ಯಾಲಿಂದು. ಆರು ಆತು ಅಂದ ಕೂಡ್ಲೆ ಒಂದು ಮಾತ ಹೇಳ್ರಿ."

ಒಬ್ಬರು ನನ್ನ ವಹಿಯನ್ನು ನಂಬಿ ಕೆಲಸ ಒಪ್ಪಿಸಿದ್ದು ಅದೇ ಮೊದಲು. ಅದಕ್ಕಾಗಿಯೇ ಬೇರೆ ಪುಟ ತೆಗೆದೆ. ಮರಿಗಳು ಒಡೆದದ್ದು ಭಾನುವಾರ, ಮಾರನೆಯ ದಿನವೇ ಸೋಮವಾರ. ಅದಕ್ಕೆ ಒಂದು ಗೆರೆ ಹಾಕಿ ಶುರು ಮಾಡಿದೆ.

ದಿನವೂ ಮೂರು ಹೊತ್ತು ಮುತ್ಯಾ ನುಚ್ಚು ಹಾಕುತ್ತಿದ್ದ. ಹಾಕುವ ಮೊದಲು ಗುಡಿಸಲಿನ ಕಂಬಕ್ಕೆ ಒರಗಿಸಿದ ಬಿಲ್ಲನ್ನು ಒಮ್ಮೆ ಮೀಟುತ್ತಿದ್ದ. ಹುರಿಯ ನಾದ ನೆಲದ ಮೇಲೆ ಹರಿದು, ಎಳೆಯ ಜೋಳದ ಪೈರಿನೊಳಗೆ ಹೋಗಿ ಸಣ್ಣಗಾಗುತ್ತಿತ್ತು. ಮರಿಗಳು ಬೇಲಿಯ ಯಾವ ಮೂಲೆಯಲ್ಲಿದ್ದರೂ ಉರುಳುತ್ತ ಬಂದು ಅವನ ಕಾಲಬಳಿ ಸೇರುತ್ತಿದ್ದವು. ಮೊದಲ ವಾರ ಅರ್ಧ ಬಂದವು, ಮೂರನೆಯ ವಾರ ಹತ್ತಕ್ಕೆ ಹತ್ತು. ಮಧ್ಯಾಹ್ನ ನಿದ್ದೆ ಹತ್ತುವ ಹೊತ್ತಿಗೆ ಆ ಸದ್ದು ಕೇಳಿದರೆ, ಊರಲ್ಲೇ ಇದ್ದೇವೆ, ಯಾರ ಮನೆಯಲ್ಲೋ ಮದುವೆಗೆ ಗಾದಿ ಮಾಡಿಸುತ್ತಿದ್ದಾರೆ ಎನಿಸುತ್ತಿತ್ತು.

ಇನ್ನೊಂದು ಸದ್ದೂ ಇತ್ತು. ಊರು ಬಿಡುವಾಗ ಯಾರದೋ ಹುಂಜ ಕೈಗೆ ಸಿಗದೆ ಅಲ್ಲೇ ಉಳಿದಿತ್ತು. ಮುಂಜಾನೆ ಮತ್ತು ಸಂಜೆ ಅದು ಆ ಖಾಲಿ ಊರಿನಿಂದ ಕೂಗುತ್ತಿತ್ತು. ಒಂದು ಮುಂಜಾನೆ ಹದಿನೇಳು ಸಲ ಕೂಗಿದ್ದನ್ನು ಬರೆದುಕೊಂಡಿದ್ದೇನೆ. ಅದು ಕೂಗಿದಾಗ ಗುಡಿಸಲುಗಳಲ್ಲಿ ಮಾತು ನಿಲ್ಲುತ್ತಿತ್ತು. ಬೇಲಿಯೊಳಗೆ ಕೆಂದು ಕೋಳಿ ಕತ್ತು ಎತ್ತುತ್ತಿತ್ತು. ಅದು ಹುಟ್ಟಿ ಬೆಳೆದದ್ದು ಆ ಊರಲ್ಲಿ.

ಗುಡಿಸಲಿನ ಜನ ಮುತ್ಯಾನನ್ನು ಕಾಡಿಸುತ್ತಿದ್ದರು. "ಏನ ಮುತ್ಯಾ, ಮರಿಗೋಳಿಗೆ ಹಿಂಡಲಗಿ ಜೇಲು ಕಟ್ಟೀ ಏನ? ಏನ ಗುನ್ಹೆ ಮಾಡ್ಯಾವ ಪಾಪ?" ಎಂದು ಕೇಳಿದರೆ ಅವನು ನಕ್ಕು, "ತಾಯಿದು ಗುನ್ಹೆ," ಎನ್ನುತ್ತಿದ್ದ. ನಾನೂ ಒಂದು ದಿನ ನಕ್ಕೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ನಗಬ್ಯಾಡ. ಹಿಂದಿನ ಸಲ ಊರು ಬಿಟ್ಟಾಗ ನೀ ಧಾರವಾಡದಾಗ ಓದಾಕ ಇದ್ದಿ, ನಿನಗ ಗೊತ್ತಿಲ್ಲ. ಅಂವ ಮೂರನೇ ದಿನಕ್ಕ ಕೋಳಿ ಬಿಟ್ಟಿದ್ದ. ಸಂಜಿ ಆತಂದ್ರ ಕೋಳಿ ತನ್ನ ಗೂಡಿಗೇ ಹೋಗತೈತಿ. ಸಾಲು ಹಿಡದು ಊರಾಗಿನ ಮನಿಗೆ ಹೋದವು. ಅವನ ಹೇಂತಿ, ಕಾಶಿಂಬಿ ಆಯಿ, ತರಾಕ ಹೋದ್ಲು. ಗೂಡಿನ್ಯಾಗ ಕೈ ಹಾಕಿ ಏಳೆಂಟು ಕೋಳಿ ಹಿಡಿಯಾಕ ಎಷ್ಟೊತ್ತ ಬೇಕು? ಅಷ್ಟೊತ್ತೇ ಸಾಕಾತು. ಆರನೇ ದಿನಕ್ಕ ತೀರಿಹೋದ್ಲು."

"ಕಾಶಿಂಬಿಗೆ ಗೊತ್ತೈತೇನ ಅವ್ವಾ?"

"ಆಯಿ ಜ್ವರ ಬಂದು ಹೋದ್ಲು ಅಂತ ಗೊತ್ತೈತಿ. ಕೋಳಿ ಸುದ್ದಿ ಯಾರೂ ಹೇಳಿಲ್ಲ. ಮನ್ಯಾಗ ಕೋಳಿ ಸಾಕೂ ಹುಡುಗಿ. ನೀನೂ ಹೇಳಬ್ಯಾಡ."

ಆ ದಿನದಿಂದ ನಾನು ಗೆರೆಗಳನ್ನು ಹೆಚ್ಚು ಎಚ್ಚರದಿಂದ ಹಾಕಿದೆ. ಹಾಗೆಂದುಕೊಂಡಿದ್ದೆ.

ಕಾಯುವ ದಿನಗಳಲ್ಲಿ ಮುತ್ಯಾ ತನ್ನ ವಿದ್ಯೆಯನ್ನು ತುಣುಕು ತುಣುಕಾಗಿ ಹೇಳುತ್ತಿದ್ದ, ಉಸಿರು ಸಿಕ್ಕಷ್ಟು. ಒಂದು ಮರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ರೆಕ್ಕೆ ಬಿಡಿಸಿ ತೋರಿಸಿದ. "ನೋಡ್ರಿ, ರೆಕ್ಕಿ ಮ್ಯಾಲೆ ಗರಿ ಬಂದಾವ. ಬೆನ್ನ ಮ್ಯಾಲೆ ಇನ್ನೂ ತುಪ್ಪಳ ಐತಿ. ಹಿಂದಲಿಂದ ನೋಡಿದ್ರ ಹತ್ತಿ ಉಂಡಿಗತೆ ಕಂಡ್ರ ಬಿಡಬಾರದು. ಹತ್ತಿ ತೊಯ್ದ್ರ ಭಾರ ಆಗತೈತಿ, ಓಡಾಕ ಬರಾಂಗಿಲ್ಲ." ಮುಂಜಾನೆ ಇಬ್ಬನಿಯಿರುವಾಗ ಬಿಡಬಾರದು, ಎರೆಮಣ್ಣು ಹಸಿಯಿದ್ದರೆ ಕಾಲ್ಬೆರಳಿಗೆ ಅಂಟಿ ಗೋಲಿಯಂತೆ ಗಟ್ಟಿಯಾಗಿ ಮರಿ ಕುಂಟುತ್ತದೆ. ಮೊದಲ ದಿನ ಬಿಡುವುದು ಸಂಜೆ ಮಾತ್ರ, ಹೊತ್ತು ಗುಡ್ಡದಿಂದ ಆಳುದ್ದ ಮೇಲಿರುವಾಗ, ಹೊಟ್ಟೆಗೆ ಹಾಕದೆ. ಹಸಿದ ಮರಿ ದೂರ ಹೋಗುವುದಿಲ್ಲ, ಕತ್ತಲಾದರೆ ತಾನೇ ಒಳಗೆ ಬರುತ್ತದೆ. ಅಲ್ಲಲ್ಲಿ ಜಾಲಿಮುಳ್ಳಿನ ಕೊಂಬೆ ಎಸೆದಿಡಬೇಕು, ಹದ್ದಿನ ನೆರಳು ಬಿದ್ದರೆ ಅಡಗಲಿಕ್ಕೆ. ಮಾರನೆಯ ದಿನ ಸ್ವಲ್ಪ ಮುಂಚೆ, ಅದರ ಮಾರನೆಯ ದಿನ ಇನ್ನೂ ಸ್ವಲ್ಪ ಮುಂಚೆ. ಇದೆಲ್ಲವನ್ನೂ ನಾನು ಬರೆದುಕೊಂಡೆ.

"ಇಷ್ಟ ಮಾಡಿದ್ರ ಹದ್ದು ಒಯ್ಯಾಂಗಿಲ್ಲೇನ ಮುತ್ಯಾ?"

"ಒಯ್ತೈತಿ. ಒಂದು ಅದರದು ಅಂತ ಬಿಡಬೇಕ್ರಿ." ಊರಿನ ಕಡೆ ನೋಡಿದ. "ಹದ್ದಿನ ಅಂಜಿಕಿ ನನಗಿಲ್ಲ. ಹದ್ದು ಮರಿ ಒಯ್ತೈತಿ, ಮನುಷ್ಯಾರನ್ನ ಒಯ್ಯಾಂಗಿಲ್ಲ."

ಆರನೆಯ ಗೆರೆ ಹಾಕಿದ ಸೋಮವಾರ ನಾನು ಹೋಗಿ ಹೇಳಿದೆ. "ಮುತ್ಯಾ, ಆರು ಸಂತಿ ಆತು."

ಅವನು ಮರಿಯೊಂದರ ಬೆನ್ನನ್ನು ನೋಡಿದ. ಇನ್ನೂ ಅಲ್ಲಲ್ಲಿ ತುಪ್ಪಳವಿತ್ತು. "ಈ ಸಲ ಗರಿ ತಡಾ ಆಗ್ಯಾವ," ಎಂದ. ವಹಿಯನ್ನು ಅನುಮಾನಿಸಲಿಲ್ಲ.

ಸಂಜೆ ಹೊತ್ತು ಆಳುದ್ದ ಉಳಿದಾಗ ಬೇಲಿಯ ಬಾಗಿಲು ತೆಗೆದ. ಕೆಂದು ಕೋಳಿ ಹೊರಗೆ ಬಂದು ಒಂದು ರೆಕ್ಕೆ ಚಾಚಿತು, ಆಮೇಲೆ ಇನ್ನೊಂದು. ಮರಿಗಳು ಹೊಸ್ತಿಲಲ್ಲೇ ನಿಂತು ನೋಡಿದವು, ಒಂದೊಂದಾಗಿ ಬಂದವು. ಬಿಸಿಲು ಅವುಗಳ ಎಳೆಯ ಜುಟ್ಟಿನೊಳಗೆ ಹಾದು ಕೆಂಪಾಗಿ ಕಾಣುತ್ತಿತ್ತು. ಕಾಶಿಂಬಿ ಮುಳ್ಳುಕೊಂಬೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ನಗುತ್ತಿದ್ದಳು. ಎಲ್ಲವೂ ಮುತ್ಯಾ ಹೇಳಿದಂತೆಯೇ ನಡೆಯಿತು.

ಆಗ ಊರಿನಿಂದ ಆ ಹುಂಜ ಕೂಗಿತು.

ಕೆಂದು ಕೋಳಿ ಕತ್ತು ಎತ್ತಿತು. ಓಡಲಿಲ್ಲ, ಹಾರಲಿಲ್ಲ. ಕೆಲಸ ಮುಗಿಸಿದ ಹೆಂಗಸು ಮನೆಗೆ ಹೋಗುವಂತೆ ಬಂಡಿಜಾಡು ಹಿಡಿದು ಊರಿನ ಕಡೆ ನಡೆಯತೊಡಗಿತು. ಹಿಂದೆ ಹತ್ತು ಮರಿಗಳು, ಸಾಲಾಗಿ.

"ಮುತ್ಯಾ, ನಾ ತರತೇನಿ," ಎಂದು ಕಾಶಿಂಬಿ ಪರಕಾರ ಎತ್ತಿ ಕಟ್ಟಿ ಓಡಿದಳು. ಅವಳು ಹತ್ತಿರ ಬಂದಷ್ಟೂ ಕೋಳಿ ಬಿರುಸಾಯಿತು. ಜಾಡಿನ ತಿರುವಿನ ಆಚೆ ನಮ್ಮೂರ ಅಗಸೆ ಬಾಗಿಲು ಕಾಣುತ್ತಿತ್ತು.

ಮುತ್ಯಾ ಬಾಯಿ ತೆರೆದ. ದನಿ ಬರಲಿಲ್ಲ, ಕೆಮ್ಮು ಬಂತು. ನಾನು ಓಡಬೇಕಿತ್ತು. ಓಡಲಿಲ್ಲ, ನಿಂತು ಮರಿಗಳನ್ನು ಎಣಿಸುತ್ತಿದ್ದೆ. ಇದನ್ನೂ ಆ ದಿನವೇ ಬರೆದಿಟ್ಟಿದ್ದೇನೆ. ಮುತ್ಯಾ ಕಂಬದ ಕಡೆ ತಿರುಗಿ, ಬಿಲ್ಲನ್ನು ಎರಡೂ ಕಾಲುಗಳ ನಡುವೆ ಒತ್ತಿ ಹಿಡಿದು, ಕೊಡತಿ ಎತ್ತಿದ. ನುಚ್ಚಿಗೆ ಕರೆಯುವ ಒಂದು ಮೀಟಲ್ಲ. ಹತ್ತಿ ಹಿಂಜುವ ಕಾಲದ ಪೂರಾ ಹೊಡೆತ, ಒಂದರ ಹಿಂದೆ ಒಂದು. ಹೊಲವೆಲ್ಲ ಗುಂಯ್ಗುಡತೊಡಗಿತು. ಗುಡಿಸಲುಗಳಿಂದ ಜನ ಹೊರಗೆ ಬಂದರು.

ಮೊದಲು ತಿರುಗಿದ್ದು ಕೊನೆಯ ಮರಿ. ಆಮೇಲೆ ಒಂಬತ್ತೂ ತಿರುಗಿ, ಎರೆಮಣ್ಣಿನ ಮೇಲೆ ಎಡವುತ್ತ ಓಡಿಬಂದವು. ಅವುಗಳ ಹಿಂದೆ ನಿಂತದ್ದು ಕಾಶಿಂಬಿ. ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದಿಗೆ ನಿದ್ದೆ ಹೋಗಿ, ಆ ಸದ್ದಿಗೆ ಎದ್ದವಳು. ಏನೋ ಮರೆತವಳಂತೆ ಜಾಡಿನ ನಡುವೆ ನಿಂತಳು, ತಿರುಗಿದಳು. ಕೆಂದು ಕೋಳಿ ಮಾತ್ರ ಇನ್ನೂ ಹತ್ತು ಹೆಜ್ಜೆ ಹೋಯಿತು. ಹಿಂದೆ ಮರಿಗಳ ಸದ್ದಿಲ್ಲ. ನಿಂತಿತು. ಊರಿನ ಕಡೆ ಒಮ್ಮೆ ನೋಡಿತು, ಗುಡಿಸಲಿನ ಕಡೆ ಒಮ್ಮೆ ನೋಡಿತು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ, ಆಗ ನಾನು ಎಣಿಸುತ್ತಿರಲಿಲ್ಲ. ಆಮೇಲೆ ಗೊಣಗುತ್ತ ಮರಿಗಳ ದಾರಿ ಹಿಡಿದು ವಾಪಸು ಬಂತು.

ಮುತ್ಯಾ ನೆಲಕ್ಕೆ ಕುಸಿದು ಕೂತಿದ್ದ. ಎದೆ ತಿದಿಯಂತೆ ಆಡುತ್ತಿತ್ತು. ಬೇಲಿಯ ಬಾಗಿಲು ಮುಚ್ಚಿದ ಮೇಲೆ ಕೇಳಿದ, "ಎಷ್ಟ್ರಿ ಮಾಸ್ತರ್ರ?"

"ಹತ್ತು, ಮುತ್ಯಾ. ತಾಯಿ ಹಿಡದ್ರ ಹನ್ನೊಂದು."

ಪಕ್ಕದಲ್ಲಿ ನಿಂತ ಕಾಶಿಂಬಿಯ ಪರಕಾರದ ಅಂಚನ್ನು ಅವನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. "ಹನ್ನೆರಡು," ಎಂದ.

ಮಾರನೆಯ ದಿನ ಮುಂಜಾನೆ ವಹಿ ತೆಗೆದು ಕೂತಾಗ ನನ್ನ ತಪ್ಪು ಕಂಡಿತು. ಒಡೆದ ಮಾರನೆಯ ದಿನದ ಸೋಮವಾರಕ್ಕೇ ಗೆರೆ ಹಾಕಿದ್ದೆ. ಒಂದು ದಿನವನ್ನು ಒಂದು ವಾರವೆಂದು ಹಿಡಿದಿದ್ದೆ. ಆರು ಸಂತೆ ಆಗಿರಲಿಲ್ಲ, ಐದೇ ಆಗಿತ್ತು. ವಹಿ ಹಿಡಿದುಕೊಂಡು ಆ ಹದಿನಾಲ್ಕು ಹೆಜ್ಜೆ ನಡೆದೆ. ತಪ್ಪನ್ನು ಒಪ್ಪಿಕೊಂಡೆ.

ಮುತ್ಯಾ ಬೈಯಲಿಲ್ಲ. "ಹುಟ್ಟಿದ ವಾರದ ಸಂತಿ ಹಿಡ್ಯಾಂಗಿಲ್ರೀ ಮಾಸ್ತರ್ರ," ಎಂದ. "ಆ ವಾರ ಮರಿಗೆ ತಾ ಬಂದದ್ದು ಗೊತ್ತಾಗಿರಾಂಗಿಲ್ಲ." ಆಮೇಲೆ, "ಯಾವ ಗೆರಿ ಅದು?" ಎಂದು ಕೇಳಿದ. ತೋರಿಸಿದೆ. ಹೆಬ್ಬೆರಳಿಗೆ ಉಗುಳು ಹಚ್ಚಿ ಅದನ್ನು ತಿಕ್ಕಿದ. ಅಕ್ಷರ ಬಾರದವನು, ಆದರೆ ಉಳಿದ ಐದಕ್ಕೆ ಬೆರಳು ತಗುಲದಂತೆ ತಿಕ್ಕಿದ. "ಈಗ ಸರಿ ಆತು. ಐದು. ಇನ್ನೊಂದು ಒಳಗ ಇರಲಿ."

ಮುಂದಿನ ಸೋಮವಾರ ಸಂಜೆ ಮತ್ತೆ ಬಾಗಿಲು ತೆಗೆದ. ಮರಿಗಳ ಬೆನ್ನ ಮೇಲೆ ಗರಿ ಕೂಡಿಕೊಂಡಿತ್ತು. ಊರಿನಲ್ಲಿ ಹುಂಜ ಕೂಗಿತು. ಕೆಂದು ಕೋಳಿ ಕತ್ತು ಎತ್ತಿ ಕೇಳಿತು, ಮತ್ತೆ ಮಣ್ಣು ಕೆದರತೊಡಗಿತು. ಕತ್ತಲಾಗುವ ಮೊದಲು ಎಲ್ಲವೂ ಬೇಲಿಯೊಳಗೆ ಬಂದವು. ದಿನದಿನಕ್ಕೆ ಸ್ವಲ್ಪ ಮುಂಚೆ ಬಿಡುತ್ತ, ಹದಿನೈದು ದಿನದಲ್ಲಿ ಅವು ಇಡೀ ಹೊಲದ ಕೋಳಿಗಳಾದವು. ಒಂದನ್ನು ಹದ್ದು ಒಯ್ಯಿತು. "ಅದರದು," ಎಂದ ಮುತ್ಯಾ.

ಸಂಕ್ರಾಂತಿ ಕಳೆದು ನಾವು ಊರಿಗೆ ತಿರುಗಿದಾಗ ಅವನು ಅವುಗಳನ್ನೆಲ್ಲ ಮತ್ತೆ ಒಳಗೆ ಕೂಡಿದ. "ಇದ ಅವಕ್ಕ ಪರ ಊರು," ಎಂದ. ಆ ಸಲ ನಾನು ಮೊದಲ ಸಂತೆಯನ್ನು ಹಿಡಿಯಲಿಲ್ಲ. ಕೂಗುತ್ತಿದ್ದ ಹುಂಜ ಅವನ ಮನೆಯ ಮಾಳಿಗೆ ಅಂಚಿನಲ್ಲೇ ಕೂತಿತ್ತು. ಯಾರ ಹತ್ತಿರಕ್ಕೂ ಬರದೆ, ಬಿಲ್ಲಿನ ಸದ್ದಿಗೂ ಓಗೊಡದೆ, ಒಂದು ದಿನ ಕಾಣೆಯಾಯಿತು.

ಆಮೇಲೆ ನನಗೆ ಯರಗಟ್ಟಿಗೆ ವರ್ಗವಾಯಿತು. ಹೋದ ವಾರ ಸಂತೆಯಲ್ಲಿ ಯಾರೋ "ಮಾಸ್ತರ್ರ" ಎಂದು ಕರೆದರು. ತಿರುಗಿದರೆ ಕಾಶಿಂಬಿ, ಹೊಟ್ಟಿನ ಬುಟ್ಟಿಯಲ್ಲಿ ತತ್ತಿ ಇಟ್ಟುಕೊಂಡು ಕೂತಿದ್ದಳು. ಜೊತೆಗೆ ಅವಳ ಗಂಡ, ಕಡಿಮೆ ಮಾತಿನ ಹುಡುಗ.

"ಮುತ್ಯಾ ಹೋಗಿ ಹನ್ನೊಂದು ದಿನ ಆತ್ರಿ," ಎಂದಳು. "ಉಸರ ಸಿಗಲಿಲ್ಲ. ಕಡೀಗೆ ಎಲ್ಲಾ ಹೇಳಿದ್ನರಿ. ಆಯಿ ಕೋಳಿ ತರಾಕ ಹೋಗಿದ್ದೂ ಹೇಳಿದ."

ಕೋಳಿಗಳು ಹೇಗಿವೆ ಎಂದು ಕೇಳಿದೆ.

"ಅವನ ಕೈಲೇ ಕಾವಿಗೆ ಕುಂದರಿಸಿದ್ದು ಒಂದು ಐತ್ರಿ. ಮೊನ್ನೆ ಐತವಾರ ಒಂಬತ್ತು ಮರಿ ಮಾಡೇತಿ. ಹೊಸಾ ಮನಿ ಕಟ್ಟಾಕ ಹತ್ತೇವಿ, ಓಣಿ ಬದಲಾಗತೈತಿ. ಅದಕ್ಕ ಸಂತಿ ಹಿಡಿಯಾಕ ಹತ್ತೇನಿ. ನಿನ್ನೀದು ಸೋಮವಾರ ಒಂದು ಆತು."

"ಅದನ್ನ ಬಿಡವಾ," ಎಂದೆ. "ಮುಂದಿನ ಸೋಮವಾರದಿಂದ ಹಿಡಿ."

ಅವಳು ನನ್ನ ಮುಖ ನೋಡಿದಳು, ಆಮೇಲೆ ತುಟಿಯ ಮೇಲೆ ಸೆರಗು ಒತ್ತಿಕೊಂಡು ನಕ್ಕಳು. ಕಣ್ಣು ತುಂಬಿದ್ದವು. "ನೀವೂ ಹಿಂಗ ತಪ್ಪಿದ್ರಿ," ಎಂದಳು.

"ಹೌದು," ಎಂದೆ.

ಮನೆಗೆ ಬಂದು ಹೊಸ ಪುಟ ತೆಗೆದೆ. ಮೊದಲು ಹುಣಸೆಬೀಜದಷ್ಟು ಜಾಗ ಖಾಲಿ ಬಿಟ್ಟೆ. ನಿನ್ನೆ ಸೋಮವಾರ, ಅದರ ಪಕ್ಕದಲ್ಲಿ ಒಂದು ಗೆರೆ ಹಾಕಿದೆ. ಸಂಜೆ ಹೊತ್ತು ಆಳುದ್ದ ಉಳಿದಾಗ ಸಾಲೆಯ ಮೆಟ್ಟಿಲ ಮೇಲೆ ನಿಂತು ನಮ್ಮೂರಿನ ದಿಕ್ಕಿಗೆ ಕಿವಿಗೊಟ್ಟೆ. ಇಷ್ಟು ದೂರಕ್ಕೆ ಬಿಲ್ಲಿನ ಸದ್ದು ಕೇಳಿಸುವುದಿಲ್ಲ. ಹಾಕಬೇಕಾದ ಗೆರೆಗಳು ಇನ್ನೂ ಐದಿವೆ.